ನಿರುದ್ಯೋಗ ಭತ್ಯೆ ಸಹಾಯವಾಣಿ: ಮಾತಾಡಿದವರಿಗೆ ಐದು ಸ್ಟಾರ್, ಲೈನಿಗೆ ಅರ್ಧ

63ನೇ ಸಲಕ್ಕೆ ಸಿಕ್ಕಿದರು. ಬಾಯಿಗೆ ಬಂದ ಲೆಕ್ಕ ಹೇಳುತ್ತಿಲ್ಲ, ಬರೆದಿಟ್ಟಿದ್ದೇನೆ. ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ದಿನ, ಹೊತ್ತು, ಏನಾಯಿತು ಅಂತ ಮೂರು ಕಾಲಂ ಮಾಡಿಕೊಂಡಿದ್ದೆ. ಕೆಲಸ ಇಲ್ಲದವನಿಗೆ ಇದೇ ಒಂದು ಕೆಲಸ ಆಗಿತ್ತು. ಒಟ್ಟು ಒಂಬತ್ತು ಕೆಲಸದ ದಿನ. ಚಾರ್ಜರ್ ಕೆಟ್ಟರೆ ರಿವ್ಯೂ ಬರೆಯುತ್ತೇವೆ, ಚಪ್ಪಲಿ ಹರಿದರೆ ಬರೆಯುತ್ತೇವೆ, ಸರ್ಕಾರಿ ಫೋನ್ ಲೈನಿಗೆ ಯಾಕೆ ಬರೆಯಬಾರದು? ಇದೇನು ಪುಕ್ಕಟೆ ಸಿಕ್ಕಿದ್ದಲ್ಲ. ನಾನು ದುಡಿಯುತ್ತಿದ್ದಷ್ಟು ವರ್ಷ ನನ್ನ ಸಂಬಳದ ಲೆಕ್ಕದ ಮೇಲೆ ಈ ಭತ್ಯೆ ಕೊಡುವ ನಿರುದ್ಯೋಗ ವಿಮೆಗೆ ದುಡ್ಡು ಹೋಗುತ್ತಲೇ ಇತ್ತು.

ಕಚೇರಿ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಅಲ್ಲಿ ಫೋನ್ ಎತ್ತುವ ನಾಲ್ಕು ಜನರಿಗೆ ಬೈಗುಳ ಬೀಳುತ್ತದೆ ಅಷ್ಟೇ, ಲೈನ್ ಹಾಕಿಸಿದವರಿಗೆ ಏನೂ ಆಗುವುದಿಲ್ಲ.

ನನಗೆ ಬೇಕಾಗಿದ್ದದ್ದು ತೀರಾ ಸಣ್ಣ ವಿಷಯ. ಕಂಪನಿಯಲ್ಲಿ ನನ್ನ ಹುದ್ದೆಯನ್ನೇ ತೆಗೆದುಹಾಕಿದರು, ಕೈಗೆ ಪತ್ರ ಕೊಟ್ಟರು, ಬಂದೆ. ಅದೇ ವಾರ ಭತ್ಯೆಗೆ ಅರ್ಜಿ ಹಾಕಿದೆ. ವೆಬ್‌ಸೈಟಿನಲ್ಲಿ ಎಲ್ಲ ಕಡೆ ಹಸಿರು ಟಿಕ್ ಬಂತು, ಒಂದು ಕಡೆ ಮಾತ್ರ ಹಳದಿ ಪಟ್ಟಿ. ಕೆಲಸ ಬಿಟ್ಟ ಕಾರಣಕ್ಕೆ ಸ್ಪಷ್ಟನೆ ಬೇಕು, ಪೆಂಡಿಂಗ್. ಏನು ಸ್ಪಷ್ಟನೆ, ಯಾರು ಕೊಡಬೇಕು, ಎಲ್ಲಿ ಕೊಡಬೇಕು, ಒಂದೂ ಇಲ್ಲ. ಹಳದಿ ಪಟ್ಟಿಯ ಮೇಲೆ ಒತ್ತಿದರೆ ಸಹಾಯವಾಣಿಗೆ ಕರೆ ಮಾಡಿ ಅನ್ನುತ್ತದೆ. ಸಹಾಯವಾಣಿಗೆ ಕರೆ ಮಾಡಿದರೆ ಮೊದಲು ಬರುವ ಮಾತೇ 'ನಿಮ್ಮ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ನಮ್ಮ ವೆಬ್‌ಸೈಟಿನಲ್ಲಿದೆ'. ಎತ್ತು ಏರಿಗೆ, ಕೋಣ ನೀರಿಗೆ. ಮಧ್ಯೆ ನೊಗ ನಾನು.

ಮೆನು ಬಗ್ಗೆ ಸ್ವಲ್ಪ ಹೇಳಲೇಬೇಕು. ಭಾಷೆ ಆರಿಸಿ. ಹೊಸ ಅರ್ಜಿಯೋ ಹಳೆಯದೋ ಆರಿಸಿ. ಮೋಸದ ಅರ್ಜಿಗಳ ಬಗ್ಗೆ ಎಚ್ಚರಿಕೆ, ಪೂರ್ತಿ ಕೇಳಬೇಕು, ಮಧ್ಯೆ ಏನು ಒತ್ತಿದರೂ ಮತ್ತೆ ಮೊದಲಿಂದ. ಆಮೇಲೆ ಅರ್ಜಿ ಸಂಖ್ಯೆಯ ಹತ್ತು ಅಂಕಿ ಒತ್ತಬೇಕು. ಇಲ್ಲಿ ಒಂದು ಮಜಾ ಇದೆ. ಫೋನ್ ಕಿವಿ ಹತ್ತಿರ ಇದ್ದಾಗ ಪರದೆ ಆರಿಹೋಗಿರುತ್ತದೆ, ಕಿವಿಯಿಂದ ತೆಗೆದು, ಅದು ಬೆಳಗುವುದನ್ನು ಕಾದು, ಕೀಪ್ಯಾಡ್ ತೆರೆದು ಒತ್ತುವಷ್ಟರಲ್ಲಿ ಯಂತ್ರ 'ಕ್ಷಮಿಸಿ, ನೀವು ಏನನ್ನೂ ಒತ್ತಲಿಲ್ಲ' ಅನ್ನುತ್ತದೆ. ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟುಕೊಂಡೇ ಮಾಡಬೇಕು ಅಂತ ಕಲಿಯಲು ನನಗೆ ಐದು ಕರೆ ಹಿಡಿಯಿತು. ಕೊನೆಗೆ ಜನ್ಮ ದಿನಾಂಕ. ಇದೆಲ್ಲ ಸೇರಿ ಹೆಚ್ಚು ಕಡಿಮೆ ಐದು ನಿಮಿಷ. ಐದು ನಿಮಿಷ ಮುಗಿದ ಮೇಲೆ, ಎಲ್ಲ ಅಂಕಿ ಸರಿಯಾಗಿ ಒತ್ತಿದ ಮೇಲೆ, 'ಸದ್ಯ ಎಲ್ಲ ಪ್ರತಿನಿಧಿಗಳೂ ಬೇರೆ ಕರೆಗಳಲ್ಲಿದ್ದಾರೆ, ದಯವಿಟ್ಟು ನಂತರ ಕರೆ ಮಾಡಿ, ಧನ್ಯವಾದ'. ಕಟ್.

ಆ ಧನ್ಯವಾದ ಇದೆಯಲ್ಲ, ಅದು ಹೊಟ್ಟೆ ಉರಿಸುತ್ತದೆ.

ಹಾಳೆ ತೆಗೆದು ನೋಡಿದರೆ 62 ಸೋಲುಗಳಲ್ಲಿ ಮೂರು ಜಾತಿ ಇದೆ. 38 ಸಲ ಬರೀ ಎಂಗೇಜ್ ಟೋನ್. 20 ಸಲ ಮೆನು ಪೂರ್ತಿ ದಾಟಿಸಿ ಆಮೇಲೆ ಹೊರಗೆ ಹಾಕಿದ್ದು. ನಾಲ್ಕು ಸಲ ಕ್ಯೂ ಒಳಗೆ ಬಿಟ್ಟುಕೊಂಡು, ಸಂಗೀತ ಕೇಳಿಸಿ, ಆಮೇಲೆ ಕಟ್. ಆ ನಾಲ್ಕರ ಹೊತ್ತು 22 ನಿಮಿಷ, 31 ನಿಮಿಷ, 47 ನಿಮಿಷ, ಒಂದು ಗಂಟೆ ಎಂಟು ನಿಮಿಷ.

ಮೊದಲ ದಿನ ಎಂಗೇಜ್ ಟೋನ್ ಕೇಳಿದರೆ ಸಿಟ್ಟು ಬರುತ್ತಿತ್ತು. ಮೂರನೇ ದಿನದ ಹೊತ್ತಿಗೆ ಅದರ ಮೇಲೆ ಒಂಥರಾ ಪ್ರೀತಿಯೇ ಬಂತು. ನಿಜ ಹೇಳುತ್ತಿದ್ದೇನೆ. ಅದು ಎರಡು ಸೆಕೆಂಡಿನಲ್ಲಿ ಇಲ್ಲ ಅನ್ನುತ್ತದೆ, ನಾನು ಫೋನ್ ಇಟ್ಟು ಬಟ್ಟೆ ಒಣಗಿಸಲು ಹೋಗಬಹುದು. ಮೆನು ದಾಟಿಸಿ ಹೊರಹಾಕುವವನಿಗೆ ಆ 'ಇಲ್ಲ' ಮೊದಲೇ ಗೊತ್ತಿರುತ್ತದೆ. ಕ್ಯೂ ತುಂಬಿದೆ ಅಂತ ಯಂತ್ರಕ್ಕೆ ಕರೆ ಬಂದ ಕ್ಷಣವೇ ತಿಳಿಯುತ್ತದೆ. ಅದನ್ನು ಮೊದಲ ವಾಕ್ಯದಲ್ಲಿ ಹೇಳುವುದು ಬಿಟ್ಟು ನನ್ನ ಹತ್ತು ಅಂಕಿ, ಹುಟ್ಟಿದ ದಿನ ಎಲ್ಲ ಕೇಳಿಕೊಂಡು ಕೊನೆಯಲ್ಲಿ ಹೇಳಿದರೆ ಅದಕ್ಕೆ ಏನನ್ನಬೇಕು? ಇಡೀ ವ್ಯವಸ್ಥೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿಸುವ ಅಧಿಕಾರ ನನಗೆ ಕೊಟ್ಟರೆ ಜನ ಜಾಸ್ತಿ ಹಾಕಿ ಅಂತಲೂ ಕೇಳುವುದಿಲ್ಲ. ಇಲ್ಲ ಅನ್ನುವುದಾದರೆ ಬಾಗಿಲಲ್ಲೇ ಅನ್ನಿ, ಒಳಗೆ ಕೂರಿಸಿ ಅನ್ನಬೇಡಿ ಅಂತ ಕೇಳುತ್ತೇನೆ.

ಕ್ಯೂ ಸಂಗೀತ. ಸುಮಾರು ಒಂದೂವರೆ ನಿಮಿಷದ ತುಣುಕು, ಮುಗಿದ ಕೂಡಲೇ ಮತ್ತೆ ಅದೇ. ತಿರುಗಿ ಶುರುವಾಗುವ ಜಾಗದಲ್ಲಿ ಒಂದು ಸಣ್ಣ ಬಿಕ್ಕಳಿಕೆ ಇದೆ, ಅರ್ಧ ಸೆಕೆಂಡ್ ಮೌನ. ಪ್ರತಿ ಸಲ ಆ ಅರ್ಧ ಸೆಕೆಂಡ್ ಬಂದಾಗ ಯಾರೋ ಎತ್ತಿದರು ಅಂತ ಎದೆ ಹಾರುತ್ತದೆ. ಗಂಟೆಗೆ ನಲವತ್ತು ಸಲ ಎದೆ ಹಾರಿಸಿಕೊಂಡು ಕೂತವನು ನಾನು. ಸದ್ದೂ ನೀರಿನೊಳಗಿಂದ ಬಂದ ಹಾಗೆ. ಅದಕ್ಕೆ ಕಾರಣ ಇದೆ. ಹಳೆಯ ಫೋನ್ ಲೈನುಗಳು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತವೆ, ಮಾತಿಗೆ ಅಷ್ಟು ಸಾಕು. ಸಂಗೀತದ ಮೇಲಿನ ತುದಿ, ಕೆಳಗಿನ ತುದಿ ಎರಡೂ ಕತ್ತರಿಸಿಹೋಗಿ ನಡುವಿನ ಹಿಪ್ಪೆ ಮಾತ್ರ ನಮ್ಮ ಕಿವಿಗೆ ಬರುತ್ತದೆ.

ಕಾಯುವ ಹೊತ್ತಲ್ಲಿ ಇದನ್ನೆಲ್ಲ ಓದುತ್ತಾ ಕೂರುತ್ತಿದ್ದೆ, ಇನ್ನೇನು ಮಾಡಲಿ. ಹೋಲ್ಡ್ ಸಂಗೀತಕ್ಕೆ 1966ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವನು ಆಲ್ಫ್ರೆಡ್ ಲೆವಿ ಅನ್ನುವ ಒಬ್ಬ ಕಾರ್ಖಾನೆ ಮಾಲೀಕ. ಕಾರ್ಖಾನೆಯಲ್ಲಿ ಫೋನಿನ ಒಂದು ಬಿಡಿ ತಂತಿ ಉಕ್ಕಿನ ತೊಲೆಗೆ ತಾಗಿ, ಕಟ್ಟಡವೇ ರೇಡಿಯೋ ಹಿಡಿಯತೊಡಗಿ, ಹೋಲ್ಡ್‌ನಲ್ಲಿದ್ದವರಿಗೆ ಪಕ್ಕದ ರೇಡಿಯೋ ಸ್ಟೇಷನ್ನಿನ ಹಾಡು ಕೇಳಿಸಿತಂತೆ. ಫೋನು ಸುಮ್ಮನಿದ್ದರೆ ಜನ ಲೈನ್ ಸತ್ತಿತು ಅಂದುಕೊಂಡು ಇಟ್ಟುಬಿಡುತ್ತಾರೆ, ಸದ್ದು ಇದ್ದರೆ ಇರುತ್ತಾರೆ, ಇದು ಅವನ ಯೋಚನೆ. ಅಂದರೆ ಸಂಗೀತಕ್ಕೆ ಒಂದು ಅರ್ಥ ಇದೆ: ನಿಮ್ಮನ್ನು ಮರೆತಿಲ್ಲ, ಇರಿ. ಒಂದು ಗಂಟೆ ಎಂಟು ನಿಮಿಷ ಹಾಗೆ ಹೇಳಿ ಆಮೇಲೆ ಕಟ್ ಮಾಡುವುದಕ್ಕೆ ಲೆವಿ ಜವಾಬ್ದಾರನಲ್ಲ ಬಿಡಿ.

ಯಾಕೆ ಹೀಗಾಗುತ್ತದೆ ಅಂತಲೂ ಓದಿದೆ. ಕೆಲಸಗಳ್ಳರು, ಫೋನ್ ಪಕ್ಕಕ್ಕಿಟ್ಟು ಹರಟೆ ಹೊಡೆಯುತ್ತಾರೆ ಅಂತ ನಾನೂ ಬೈದವನೇ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಏರ್ಲಾಂಗ್ ಅನ್ನುವ ಗಣಿತಜ್ಞ 1909ರಲ್ಲೇ ಕರೆಗಳ ಲೆಕ್ಕಾಚಾರದ ಬಗ್ಗೆ ಪ್ರಬಂಧ ಬರೆದಿದ್ದ, ಕ್ಯೂಗಳ ಗಣಿತ ಬೆಳೆದದ್ದು ಅಲ್ಲಿಂದ. ಸರಳವಾಗಿ ಹೀಗೆ ನೋಡಿ. ಒಬ್ಬರೇ ಕೂತಿದ್ದಾರೆ, ಒಂದು ಕರೆಗೆ ಸರಾಸರಿ ಹತ್ತು ನಿಮಿಷ. ಅವರು ದಿನದ ಅರ್ಧ ಹೊತ್ತು ಬಿಜಿ ಇದ್ದರೆ ನಾವು ಕಾಯಬೇಕಾದದ್ದು ಸರಾಸರಿ ಹತ್ತು ನಿಮಿಷ. ಶೇ. 80ರಷ್ಟು ಬಿಜಿ ಆದರೆ 40 ನಿಮಿಷ. ಶೇ. 90 ಆದರೆ 90 ನಿಮಿಷ. ಶೇ. 95 ಆದರೆ 190 ನಿಮಿಷ, ಮೂರು ಗಂಟೆ ಮೇಲೆ! ಫೋನ್ ಎತ್ತುವವರು ಜಾಸ್ತಿ ಇದ್ದರೆ ಈ ನಿಮಿಷಗಳು ಇಳಿಯುತ್ತವೆ, ಆದರೆ ಏರುವ ರೀತಿ ಇದೇ. ಅಂದರೆ ಅಲ್ಲಿರುವವರು ಉಸಿರಾಡಲೂ ಬಿಡುವಿಲ್ಲದೆ ದುಡಿಯುವಾಗಲೇ ನಮಗೆ ಕಾಯುವ ಹೊತ್ತು ಆಕಾಶಕ್ಕೆ ಹೋಗುವುದು. ಸ್ವಲ್ಪ ಬಿಡುವು ಇರುವ ಹಾಗೆ ಜನ ಇಟ್ಟರೆ ಮಾತ್ರ ಫೋನ್ ಬೇಗ ಸಿಗುತ್ತದೆ. ಆದರೆ ಬಿಡುವಾಗಿ ಕೂತ ನೌಕರ ಕಂಡರೆ ಯಾವ ಸರ್ಕಾರಕ್ಕೆ ಸಹಿಸುತ್ತದೆ, ಹೇಳಿ.

ಅದರ ಮೇಲೆ ನಮ್ಮಂಥವರು. ಕಟ್ ಆದವನು ಸುಮ್ಮನಿರುತ್ತಾನಾ? ತಕ್ಷಣ ರೀಡಯಲ್. ಒಂದೇ ಕೆಲಸಕ್ಕೆ ನಾನೊಬ್ಬನೇ 63 ಕರೆ ಮಾಡಿದ್ದೇನೆ, ಅವರ ಕಂಪ್ಯೂಟರಿಗೆ ಅದು 63 ಜನರ ಹಾಗೆ ಕಾಣುತ್ತದೋ ಏನೋ. ಮೊದಲ ಸಲವೇ ಎತ್ತಿದ್ದರೆ ಉಳಿದ 62 ಕರೆ ಹುಟ್ಟುತ್ತಲೇ ಇರಲಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಇದೇ ರೋಗ ದೊಡ್ಡದಾಗಿ ಕಾಣಿಸಿತು. ಅಮೆರಿಕದಲ್ಲಿ ಮಾರ್ಚ್ ಕೊನೆಯ ಒಂದೇ ವಾರದಲ್ಲಿ 66 ಲಕ್ಷಕ್ಕಿಂತ ಜಾಸ್ತಿ ಹೊಸ ಅರ್ಜಿ ಬಿದ್ದವು. ಅದಕ್ಕೂ ಮುಂಚಿನ ದಾಖಲೆ 1982ರದ್ದು, ವಾರಕ್ಕೆ ಏಳು ಲಕ್ಷದ ಒಳಗೆ. ಯಾವ ಫೋನ್ ಲೈನ್ ತಡೆಯುತ್ತದೆ? ನ್ಯೂಜೆರ್ಸಿಯ ಗವರ್ನರ್ ಅಂತೂ ಹಳೇ ಕಂಪ್ಯೂಟರುಗಳನ್ನು ನಡೆಸಲು ಕೋಬಾಲ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆ ಗೊತ್ತಿರುವವರು ಯಾರಾದರೂ ಇದ್ದರೆ ಬನ್ನಿ ಅಂತ ಕೇಳಬೇಕಾಯಿತು. ಬ್ರಿಟನ್ನಿನಲ್ಲಿ ಮಾಡಿದ್ದು ನನಗೆ ಹಿಡಿಸಿತು. ಆ ಏಪ್ರಿಲ್‌ನಲ್ಲಿ ಅವರು, ನೀವು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಸುಮ್ಮನಿರಿ, ಫೋನ್ ಮಾಡಬೇಡಿ, ಏನಾದರೂ ಬೇಕಾದರೆ ನಾವೇ ಮಾಡುತ್ತೇವೆ ಅಂತ ಪ್ರಚಾರ ಮಾಡಿದರು. ಇದು ಸರಿಯಾದ ದಿಕ್ಕು ಅಂತ ಆಗ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ, ಆದರೆ ಅದರಲ್ಲೂ ಒಂದು ಗುಂಡಿ ಇದೆ. ಆ ಗುಂಡಿಗೆ ನಾನೇ ಬಿದ್ದೆ, ಮುಂದೆ ಹೇಳುತ್ತೇನೆ.

ಆ ಒಂಬತ್ತು ದಿನ ಮನೆಯಲ್ಲಿ ಹೇಗಿತ್ತು ಅಂದರೆ, ಫೋನ್ ನನ್ನ ಮೈಗೆ ಅಂಟಿಕೊಂಡ ಹಾಗೆ. ಸ್ನಾನಕ್ಕೆ ಹೋದರೆ ಕಿಟಕಿ ಮೇಲೆ ಸ್ಪೀಕರ್. ಬೇರೆ ಯಾರ ಕರೆಯನ್ನೂ ಎತ್ತುವ ಹಾಗಿಲ್ಲ, ಎತ್ತಿದರೆ ಕ್ಯೂ ಹೋಗುತ್ತದೆ ಅನ್ನುವ ಭಯ. ಅಕ್ಕ ಎರಡು ಸಲ ಫೋನ್ ಮಾಡಿ ಎತ್ತದೆ ಇದ್ದಾಗ ಗಾಬರಿಯಾಗಿ ಮೆಸೇಜ್ ಹಾಕಿದಳು: ಹುಷಾರಾಗಿದ್ದೀಯಾ? ಹೋಲ್ಡ್‌ನಲ್ಲಿದ್ದೀನಿ ಕಣೇ ಅಕ್ಕ, ಅಂತ ಬರೆದೆ. ಮಾರನೇ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ದಿನ ಅವಳೇ 'ಹೋಲ್ಡಾ?' ಅಂತ ಒಂದೇ ಪದ ಕಳಿಸಿದಳು. ಕೆಲಸ ಹೋಗಿದೆ ಅಂತ ಹತ್ತಿರದ ಇಬ್ಬರು ಮೂವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೆ ಸ್ಪೀಕರಿನಲ್ಲಿ ದಿನವಿಡೀ 'ನಿರುದ್ಯೋಗ ಭತ್ಯೆ ವಿಭಾಗಕ್ಕೆ ಸ್ವಾಗತ' ಅಂತ ಮೊಳಗುತ್ತಿದ್ದರೆ ಗೋಡೆ ಆಚೆಗೆ ಕೇಳುವುದಿಲ್ಲವಾ? ಇಯರ್‌ಫೋನ್ ಹಾಕಿಕೊಳ್ಳಲು ಶುರು ಮಾಡಿದ್ದು ಅದಕ್ಕೇ. ನೀವೂ ಹಾಕಿಕೊಳ್ಳಿ, ಕೈಯೂ ಖಾಲಿ ಇರುತ್ತದೆ.

ಒಂದು ಸಲ ಬೇಸತ್ತು ಇಂಟರ್ನೆಟ್ಟಿನಲ್ಲಿ ಬೇರೆ ನಂಬರ್ ಹುಡುಕಿದೆ. ಮೊದಲು ಬಂದ ನಂಬರಿಗೆ ಮಾಡಿದರೆ ಎರಡೇ ರಿಂಗಿಗೆ ಎತ್ತಿದರು! ಖುಷಿಯಿಂದ ಅರ್ಜಿ ಸಂಖ್ಯೆ ಹೇಳಲು ಬಾಯಿ ತೆಗೆದೆ. ಅತ್ತಲಿಂದ ಬಂದ ಮೊದಲ ಪ್ರಶ್ನೆ ಬ್ಯಾಂಕ್ ಖಾತೆ ಯಾವುದು ಅಂತ. ಅಲ್ಲಿಗೆ ಗೊತ್ತಾಯಿತು, ಇಟ್ಟೆ. ಅಷ್ಟು ಬೇಗ ಎತ್ತಿದಾಗಲೇ ಅನುಮಾನ ಬರಬೇಕಿತ್ತು ನನಗೆ. ಕಚೇರಿಯಿಂದ ಬಂದ ಪತ್ರದಲ್ಲಿ ಅಚ್ಚಾಗಿರುವ ನಂಬರ್ ಬಿಟ್ಟು ಬೇರೆ ಯಾವುದಕ್ಕೂ ಮಾಡಬೇಡಿ. ದುಡ್ಡು ಕೊಟ್ಟರೆ ನಿಮ್ಮ ಪರವಾಗಿ ಯಂತ್ರವೇ ನೂರಾರು ಸಲ ಡಯಲ್ ಮಾಡಿ, ಲೈನ್ ಸಿಕ್ಕ ಮೇಲೆ ನಿಮಗೆ ಜೋಡಿಸುವ ಸೇವೆಗಳೂ ಇವೆಯಂತೆ. ನಾನು ತೆಗೆದುಕೊಳ್ಳಲಿಲ್ಲ. ಸಂಬಳ ಇಲ್ಲದವನು ಭತ್ಯೆ ಕೇಳಲು ದುಡ್ಡು ಕೊಡಬೇಕು ಅನ್ನುವುದೇ ಒಂದು ಕಡೆ, ಅಂಥ ಯಂತ್ರಗಳಿಂದ ಕ್ಯೂ ಇನ್ನೂ ಹಾಳಾಗುತ್ತದೆ ಅನ್ನುವುದು ಇನ್ನೊಂದು ಕಡೆ.

ಈಗ 63ನೇ ಕರೆ. ಎರಡನೇ ವಾರದ ಗುರುವಾರ, ಮಧ್ಯಾಹ್ನ, ಕಚೇರಿ ಮುಚ್ಚಲು ಮುಕ್ಕಾಲು ಗಂಟೆ ಇರುವಾಗ. ನನ್ನ ಹಾಳೆಯನ್ನೇ ನಂಬುವುದಾದರೆ ಸೋಮವಾರ ಬೆಳಿಗ್ಗೆ ಮಾಡುವುದು ದಂಡ, ವಾರದ ಕೊನೆಯ ಕಡೆ, ದಿನದ ಕೊನೆಯ ಕಡೆ ಕ್ಯೂ ಒಳಗೆ ಹೋಗುವ ಅವಕಾಶ ಸ್ವಲ್ಪ ಜಾಸ್ತಿ. ಸಂಗೀತ ಹದಿನಾರು ನಿಮಿಷ ಓಡಿತು. ಬಿಕ್ಕಳಿಕೆ ಬಂತು. ನಾನು ಎದೆ ಹಾರಿಸಿಕೊಳ್ಳುವುದನ್ನು ಬಿಟ್ಟು ಎರಡು ದಿನ ಆಗಿತ್ತು, ಹಾಗಾಗಿ 'ನಮಸ್ಕಾರ, ಹೇಳಿ ಸರ್' ಅಂತ ಕೇಳಿದಾಗ ಒಂದು ಕ್ಷಣ ಬಾಯಿಯೇ ಬರಲಿಲ್ಲ. ಅಷ್ಟು ದಿನ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತೆಲ್ಲ ಮಾಯ.

'ಮೇಡಂ, ದಯವಿಟ್ಟು ಇಡಬೇಡಿ' ಅಂದೆ. ಅದೇ ನನ್ನ ಮೊದಲ ವಾಕ್ಯ.

ಅವರು ನಕ್ಕರು. 'ಇಡಲ್ಲ ಸರ್. ಮೊದಲು ನಿಮ್ಮ ಫೋನ್ ನಂಬರ್ ಹೇಳಿಬಿಡಿ, ಮಧ್ಯೆ ಕಟ್ ಆದರೆ ನಾನೇ ಮಾಡುತ್ತೇನೆ.'

ಇದನ್ನು ಕೇಳಿ ಅರ್ಧ ಸಿಟ್ಟು ಇಳಿಯಿತು. ಅರ್ಜಿ ಸಂಖ್ಯೆ ಕೊಟ್ಟೆ (ಯಂತ್ರಕ್ಕೆ ಒತ್ತಿದ್ದು ಎಲ್ಲಿ ಹೋಯಿತೋ, ಮತ್ತೆ ಬಾಯಲ್ಲಿ ಹೇಳಬೇಕು). ಕೀಲಿಮಣೆ ಸದ್ದು ಕೇಳಿಸಿತು. ಆಮೇಲೆ ಅವರು ಹೇಳಿದರು: ನಿಮ್ಮ ಹಳೆಯ ಕಂಪನಿ ನಮಗೆ ಕಳಿಸಿದ ಫಾರಂನಲ್ಲಿ ನೀವೇ ರಾಜೀನಾಮೆ ಕೊಟ್ಟಿದ್ದೀರಿ ಅಂತ ಟಿಕ್ ಹಾಕಿದ್ದಾರೆ. ಇಡೀ ಗಂಟು ಇದೇ. ಕೆಲಸ ಕಳೆದುಕೊಂಡವರಿಗೆ ಈ ಭತ್ಯೆ, ಸರಿಯಾದ ಕಾರಣ ಇಲ್ಲದೆ ತಾವಾಗಿ ಬಿಟ್ಟವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ, ಸಿಕ್ಕರೂ ತಡ. ನನ್ನ ಹತ್ತಿರ ಹುದ್ದೆ ತೆಗೆದ ಪತ್ರ ಇದೆ ಮೇಡಂ ಅಂದೆ. ಇದ್ದರೆ ಅಪ್‌ಲೋಡ್ ಮಾಡಿ, ಪ್ರತಿ ಪುಟದ ಮೇಲೂ ಅರ್ಜಿ ಸಂಖ್ಯೆ ಬರೆಯಿರಿ, ಬರೆಯದಿದ್ದರೆ ಪುಟಗಳು ಬೇರೆ ಬೇರೆ ಆಗಿ ಯಾರ ಫೈಲಿಗೋ ಸೇರುತ್ತವೆ ಅಂದರು. ಎಲ್ಲಿ ಅಪ್‌ಲೋಡ್ ಮಾಡಬೇಕು ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿ, ನಾನು ಮಾಡಿ ಮುಗಿಸುವವರೆಗೆ ಲೈನಿನಲ್ಲೇ ಇದ್ದರು. ಆ ಬಟನ್ ಹಳದಿ ಪಟ್ಟಿಯ ಹತ್ತಿರ ಎಲ್ಲೂ ಇಲ್ಲ, ಪ್ರೊಫೈಲ್ ಒಳಗೆ ಮೂರನೇ ಪುಟದಲ್ಲಿ ಅಡಗಿ ಕೂತಿದೆ. ಬಂತು ಸರ್, ಕಾಣುತ್ತಿದೆ ಅಂದರು. ಒಟ್ಟು ಹನ್ನೊಂದು ನಿಮಿಷ.

ಅಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. 'ಇದನ್ನು ಕೇಳುವುದಕ್ಕೇ ನಮ್ಮವರು ಮಂಗಳವಾರ ನಿಮಗೆ ಫೋನ್ ಮಾಡಿದ್ದರಲ್ಲ ಸರ್. ನೀವು ಎತ್ತಿಲ್ಲ.'

ಯಾವಾಗ ಅಂದೆ.

'ಬೆಳಿಗ್ಗೆ 11:20.'

ನೋಟ್‌ಬುಕ್ ಪಕ್ಕದಲ್ಲೇ ಇತ್ತು. ಮಂಗಳವಾರ. 10:52ರಿಂದ 11:39. ಹೋಲ್ಡ್. ಕಟ್. ಅದೇ ಆ 47 ನಿಮಿಷದ ಕರೆ. ನನಗೆ ಚೆನ್ನಾಗಿ ನೆನಪಿದೆ, ಮಧ್ಯೆ ಫೋನ್ ಬೀಪ್ ಬೀಪ್ ಅಂತು, ಪರದೆ ಮೇಲೆ ನಂಬರ್ ಇರಲಿಲ್ಲ, ಪ್ರೈವೇಟ್ ಅಂತಿತ್ತು. ಯಾರೋ ಸಾಲ ಬೇಕಾ ಅನ್ನುವವರು ಅಂದುಕೊಂಡು ಕೆಂಪು ಗುಂಡಿ ಒತ್ತಿದೆ. ಕ್ಯೂ ಹೋಗಿಬಿಟ್ಟೀತು ಅಂತ ಎಷ್ಟು ಹುಷಾರಾಗಿ ಒತ್ತಿದ್ದೆ ಅಂದರೆ, ಬೆರಳು ಜಾರಬಾರದು ಅಂತ ಇನ್ನೊಂದು ಕೈಯಲ್ಲಿ ಫೋನನ್ನು ಗಟ್ಟಿ ಹಿಡಿದುಕೊಂಡಿದ್ದೆ. ಅಂದರೆ ಅವರ ಕಚೇರಿಗೆ ನಾನು ಕಾಯುತ್ತಿದ್ದೆ, ಅವರ ಕಚೇರಿ ನನಗೆ ಫೋನ್ ಮಾಡುತ್ತಿತ್ತು, ನಾನು ಅವರಿಗೋಸ್ಕರ ಅವರನ್ನೇ ಕಟ್ ಮಾಡಿದೆ.

ಮೇಡಂಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು 'ಹೀಗೆ ಆಗುತ್ತಿರುತ್ತದೆ ಸರ್' ಅಂದರು. ಆಗುತ್ತಿರುತ್ತದೆ! ಹಾಗಾದರೆ ನಾನೊಬ್ಬನೇ ಅಲ್ಲ. ಒಳಗಡೆ ಫೋನ್ ಎತ್ತುವ ವಿಭಾಗ ಬೇರೆ, ವಿಚಾರಣೆಗೆ ಹೊರಗೆ ಫೋನ್ ಮಾಡುವ ವಿಭಾಗ ಬೇರೆ. ನಾನು ಇವರ ಕ್ಯೂನಲ್ಲಿ ಕೂತಿರುವುದು ಅವರಿಗೆ ಕಾಣುವುದಿಲ್ಲ. ಅವರು ಮಾಡುವ ಕರೆಗೆ ನಂಬರ್ ಬರುವುದಿಲ್ಲ, ಮೆಸೇಜ್ ಬಿಡುವುದಿಲ್ಲ, ಇಷ್ಟು ಹೊತ್ತಿಗೆ ಮಾಡುತ್ತೇವೆ ಅಂತ ಮುಂಚೆ ತಿಳಿಸುವುದೂ ಇಲ್ಲ. ಎರಡು ಸಲ ಎತ್ತದಿದ್ದರೆ ಮುಂದಿರುವ ಕಾಗದ ನೋಡಿಯೇ ತೀರ್ಮಾನ ಬರೆದುಬಿಡುತ್ತಾರಂತೆ. ನನ್ನ ವಿಷಯದಲ್ಲಿ ಮುಂದಿದ್ದ ಕಾಗದ ಅಂದರೆ ಕಂಪನಿಯ ಆ ಟಿಕ್. ಇನ್ನೊಂದು ಪ್ರೈವೇಟ್ ಕರೆ ಕಟ್ ಮಾಡಿದ್ದರೆ ಅರ್ಜಿ ತಿರಸ್ಕಾರ, ಆಮೇಲೆ ಮೇಲ್ಮನವಿ ಅಂತ ಅಲೆದಾಟ. ಅದಕ್ಕೇ ಹೇಳಿದ್ದು, ಅವರೇ ಮಾಡುವುದು ಒಳ್ಳೆಯ ಯೋಚನೆ, ಆದರೆ ನಂಬರ್ ತೋರಿಸಿ ಮಾರಾಯರೇ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಕೊಡಲು ಬಂದಿದ್ದ, ಮುಖ ಮುಚ್ಚಿಕೊಂಡು ಬಂದಿದ್ದ ಅಷ್ಟೇ.

ಹಾಗಾಗಿ ಅರ್ಜಿ ಹಾಕಿ ಕಾಯುತ್ತಿರುವವರು ಯಾವ ಅನಾಮಧೇಯ ಕರೆ ಬಂದರೂ ಎತ್ತಿ, ಹೋಲ್ಡ್‌ನಲ್ಲಿದ್ದರೂ ಎತ್ತಿ. ಸಾಲ ಮಾರುವವರಾದರೆ ಐದು ಸೆಕೆಂಡ್ ಹೋಯಿತು ಅಷ್ಟೇ. ಕಚೇರಿಯವರೇ ಅಂತ ಖಚಿತ ಮಾಡಿಕೊಳ್ಳಲು ಅರ್ಜಿ ಹಾಕಿದ ದಿನಾಂಕ ಅವರ ಬಾಯಿಂದಲೇ ಹೇಳಿಸಿ, ಬ್ಯಾಂಕ್ ಪಾಸ್‌ವರ್ಡ್ ಕೇಳಿದರೆ ಇಟ್ಟುಬಿಡಿ. ಇನ್ನೊಂದು ವಿಷಯ, ಇದು ಆ ಮೇಡಂ ಒತ್ತಿ ಹೇಳಿದ್ದು. ಅರ್ಜಿ ಪೆಂಡಿಂಗ್ ಇದ್ದರೂ ವಾರ ವಾರದ ಘೋಷಣೆ ಬಿಡಬೇಡಿ. ಈ ವಾರ ಕೆಲಸ ಇರಲಿಲ್ಲ, ಹುಡುಕುತ್ತಿದ್ದೇನೆ ಅಂತ ಒತ್ತುತ್ತೀರಲ್ಲ, ಅದು. ದುಡ್ಡೇ ಬರುತ್ತಿಲ್ಲ, ಇದನ್ನು ಯಾಕೆ ತುಂಬಲಿ ಅಂತ ಬಹಳ ಜನ ಬಿಡುತ್ತಾರಂತೆ, ಆಮೇಲೆ ಅರ್ಜಿ ಪಾಸಾದಾಗ ಆ ವಾರಗಳ ದುಡ್ಡು ಸಿಗದೆ ಮತ್ತೆ ಇದೇ ಲೈನಿಗೆ ಫೋನ್ ಮಾಡಬೇಕಾಗುತ್ತದೆ. ನಾನು ತುಂಬಿದ್ದೆ, ಸದ್ಯ. ಲೈನ್ ಸಿಗದೇ ಕೊನೆಯ ದಿನ ಹತ್ತಿರ ಬಂದರೆ ಫೋನನ್ನೇ ನಂಬಿ ಕೂರದೆ ಬರಹದಲ್ಲಿ ಕಳಿಸಿ, ಕಳಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಎಷ್ಟು ಸಲ ಫೋನ್ ಮಾಡಿದ್ದೆ ಅನ್ನುವ ಪಟ್ಟಿಯೂ ಆಗ ಕೆಲಸಕ್ಕೆ ಬರುತ್ತದೆ. ನಿಮ್ಮ ಕ್ಷೇತ್ರದ ಜನಪ್ರತಿನಿಧಿಯ ಕಚೇರಿಗೆ ಬರೆದು ಕೆಲಸ ಮಾಡಿಸಿಕೊಂಡವರೂ ಇದ್ದಾರೆ. ನಾನು ಹತ್ತನೇ ದಿನಕ್ಕೆ ಅದನ್ನೇ ಮಾಡಬೇಕು ಅಂತಿದ್ದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) 1952ರ ಒಂದು ಒಪ್ಪಂದ ಇದೆ, ಸಾಮಾಜಿಕ ಭದ್ರತೆಯ ಕನಿಷ್ಠ ಮಟ್ಟದ ಬಗ್ಗೆ, 102ನೇದು. ಅದರ ಪ್ರಕಾರ ಕೆಲಸ ಹೋದ ಮೊದಲ ಏಳು ದಿನಕ್ಕೆ ಭತ್ಯೆ ಕೊಡದೆ ಕಾಯಿಸಬಹುದು. ಹೋಲ್ಡ್‌ನಲ್ಲಿ ಕೂತು ಅದನ್ನು ಓದಿದಾಗ ನನಗೆ ನಗು ಬಂತು. ಕಾಯಿಸಲಿಕ್ಕೂ ಒಂದು ಮಿತಿ ಹಾಕಿಟ್ಟಿದ್ದಾರೆ ಪುಣ್ಯಾತ್ಮರು, ಫೋನ್ ಎತ್ತುವುದಕ್ಕೆ ಇಷ್ಟು ದಿನ ಅಂತ ಬರೆಯಬೇಕಾಗುತ್ತದೆ ಅಂತ ಆಗ ಯಾರಿಗೆ ಹೊಳೆದೀತು.

ದುಡ್ಡಿನ ವಿಷಯ ಚುಟುಕಾಗಿ: ಗುರುವಾರ ಪತ್ರ ಕಳಿಸಿದೆ, ಮುಂದಿನ ಬುಧವಾರ ಪ್ರೈವೇಟ್ ಕರೆ ಬಂತು, ಅರ್ಧ ರಿಂಗಿಗೆ ಎತ್ತಿದೆ. ನಾಲ್ಕು ಪ್ರಶ್ನೆ. ಅದಾಗಿ ವಾರದೊಳಗೆ ಹಳದಿ ಪಟ್ಟಿ ಹೋಯಿತು, ಬಾಕಿ ವಾರಗಳದ್ದೆಲ್ಲ ಒಟ್ಟಿಗೆ ಖಾತೆಗೆ ಬಿತ್ತು. ಅಕ್ಕನಿಗೆ ಮೆಸೇಜ್ ಹಾಕಿದೆ. ಈಗಲಾದರೂ ಫೋನ್ ಎತ್ತುತ್ತೀಯಾ ಅಂತ ಕೇಳಿದಳು.

ಸ್ಟಾರ್ ಹೇಗೆ ಕೊಟ್ಟೆ ಅಂತ ಹೇಳಬೇಕಲ್ಲ. 63ನೇ ಕರೆ ಮುಗಿಯುವಾಗ ಮೇಡಂ, 'ಸರ್, ಲೈನಿನಲ್ಲೇ ಇರಿ, ಒಂದು ಸಣ್ಣ ಸಮೀಕ್ಷೆ ಬರುತ್ತದೆ, ದಯವಿಟ್ಟು ಉತ್ತರ ಕೊಡಿ' ಅಂದರು. ಇದ್ದೆ. ಇಷ್ಟು ದಿನ ಇದ್ದವನಿಗೆ ಇನ್ನೊಂದು ನಿಮಿಷ ಏನು ಲೆಕ್ಕ. ಅದೇ ಯಂತ್ರದ ದನಿ. ನಿಮ್ಮೊಂದಿಗೆ ಮಾತನಾಡಿದ ಪ್ರತಿನಿಧಿ ಸೌಜನ್ಯದಿಂದ ನಡೆದುಕೊಂಡರೇ, ಒಂದರಿಂದ ಐದರೊಳಗೆ ಒತ್ತಿ. ಐದು. ಅವರು ನಿಮ್ಮ ಸಮಸ್ಯೆ ಅರ್ಥ ಮಾಡಿಕೊಂಡರೇ. ಐದು. ಸಮಸ್ಯೆ ಬಗೆಹರಿಯಿತೇ. ಐದು. ನಾಲ್ಕನೇ ಪ್ರಶ್ನೆ ಬರುತ್ತದೆ, ಲೈನ್ ಸಿಗಲು ಎಷ್ಟು ದಿನ ಹಿಡಿಯಿತು ಅಂತ ಕೇಳುತ್ತಾರೆ ಅಂತ ಫೋನನ್ನು ಮೇಜಿನ ಮೇಲಿಟ್ಟು, ನೋಟ್‌ಬುಕ್ ತೆರೆದುಕೊಂಡು, ಬೆರಳು ಕೀಪ್ಯಾಡ್ ಮೇಲಿಟ್ಟು ಕಾದೆ.

'ಧನ್ಯವಾದ' ಅಂತು. ಕಟ್.